ಕಲ್ಲಿಗೆ ಯಾರು ಹೊಣೆ?



ಗುಡಿ ಕಟ್ಟುವುದನ್ನು ದೊಡ್ಡದೆಂದು ಭಾವಿಸದ ಪರಂಪರೆ ನಮ್ಮದು. ಹೀಗಿರುವಾಗ ಹಳೆಯ ಕಲ್ಲುಗಳ ಚಿಂತೆ ನಮಗೇಕೆ ಎಂದು ಕೆಲವರು ಕೇಳುತ್ತಾರೆ. ಕೇಳತಕ್ಕ ಪ್ರಶ್ನೆಯೇ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಅದಕ್ಕೆ ಉತ್ತರ ಕೊಡುತ್ತದೆ. 1260ರ ಆ ಕಲ್ಲಿನಲ್ಲಿ ಬಸವಣ್ಣನವರ ಹೆಸರಿದೆ, ತಂದೆ ಮಾದಿರಾಜರ ಹೆಸರಿದೆ, ತರ್ದವಾಡಿ ನಾಡಿನ ಬಾಗೇವಾಡಿಯ ಹೆಸರಿದೆ. ಪುರಾಣ ಬೇಡ, ದಾಖಲೆ ತೋರಿಸಿ ಎಂದವರ ಮುಂದೆ ಇಡಲು ನಮಗೆ ಸಿಕ್ಕ ಗಟ್ಟಿ ಸಾಕ್ಷಿ ಅದು. ಯಾರದೋ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿ ಅದು ಸವೆದುಹೋಗಿದ್ದರೆ?

ಯಾವ ಕಲ್ಲನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬಹುಮಟ್ಟಿಗೆ ಆಯಾ ಕಾಲದ ಸರಕಾರದ ಧೋರಣೆಯೇ ತೀರ್ಮಾನಿಸಿದೆ. ಮೈಸೂರು ಸಂಸ್ಥಾನ ಬಿ.ಎಲ್. ರೈಸ್ ಅವರಿಂದ ಜಿಲ್ಲೆ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿಸಿತು. ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಕಲ್ಯಾಣ ಆಗ ನಿಜಾಮರ ಸೀಮೆಯಲ್ಲಿತ್ತು. ಅಲ್ಲಿ ಪುರಾತತ್ವ ಇಲಾಖೆ ಹುಟ್ಟಿದ್ದೇ 1914ರಲ್ಲಿ. ಮುಂಬಯಿ ಸರಕಾರ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ತೆರೆದದ್ದು 1939ರಲ್ಲಿ. ಹೀಗಾಗಿ ಹಾಸನ, ಕೋಲಾರದ ಶಾಸನಗಳು ಸಂಪುಟಗಳಾಗಿ ಅಚ್ಚಾಗಿ ಎಷ್ಟೋ ಕಾಲವಾದ ಮೇಲೂ ಶರಣರು ನಡೆದಾಡಿದ ನೆಲದ ಕಲ್ಲುಗಳು ಓದುವವರಿಗಾಗಿ ಕಾಯುತ್ತ ನಿಂತಿದ್ದವು. ನಮ್ಮ ಇತಿಹಾಸದಲ್ಲಿ ಕಾಣುವ ಎಷ್ಟೋ ಖಾಲಿ ಜಾಗಗಳಿಗೆ ಸಾಕ್ಷಿಯ ಕೊರತೆಗಿಂತ ಹುಡುಕಿಸಿದವರ ಕೊರತೆಯೇ ಕಾರಣ ಎಂದು ನನ್ನ ಎಣಿಕೆ.

ಸ್ವಾತಂತ್ರ್ಯದ ನಂತರದ ಮಾತಿಗೆ ಬರೋಣ. 1958ರ ಕೇಂದ್ರ ಕಾನೂನು ರಕ್ಷಣೆ ಕೊಡುವುದು ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಕ್ಕೆ. ದೇಶದಲ್ಲಿ ಅಂಥವು ಸುಮಾರು 3,700. ಅವುಗಳ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂಬ ನಿಯಮ 1992ರಲ್ಲಿ ಅಧಿಸೂಚನೆಯಾಗಿ ಬಂತು. 2010ರಲ್ಲಿ ಕಾನೂನಿನೊಳಗೇ ಸೇರಿತು. 2018ರಲ್ಲಿ ಸಾರ್ವಜನಿಕ ಕಾಮಗಾರಿಗಳಿಗಾಗಿ ಆ ನಿಷೇಧ ಸಡಿಲಿಸುವ ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಟ್ಟಿತು, ರಾಜ್ಯಸಭೆ ಅದನ್ನು ಪರಿಶೀಲನಾ ಸಮಿತಿಗೆ ಕಳಿಸಿತು. ಜಗ್ಗಾಟವೆಲ್ಲ ಆ ವೃತ್ತದ ಸುತ್ತಳತೆಯ ಮೇಲೆ. ವೃತ್ತದ ಹೊರಗಿನ ಹೊಲದ ವೀರಗಲ್ಲು, ಕೆರೆ ಏರಿಯ ಶಾಸನಕ್ಕೆ ಏನು ಗತಿ? ರಾಜ್ಯಕ್ಕೆ ತನ್ನದೇ ಕಾನೂನಿದೆ, ತನ್ನದೇ ಪಟ್ಟಿಯಿದೆ, ಅದೂ ಪಟ್ಟಿಯೇ.

ಪಟ್ಟಿಯಲ್ಲಿದ್ದರೂ ನಿಶ್ಚಿಂತೆಯಿಲ್ಲ. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸ್ಥಾಯಿ ಸಮಿತಿಯ ವರದಿ 50 ಕೇಂದ್ರ ಸಂರಕ್ಷಿತ ಸ್ಮಾರಕಗಳು ಇಲ್ಲವಾಗಿವೆ ಎಂದಿತು. 14 ನಗರಗಳ ಬೆಳವಣಿಗೆಗೆ, 12 ಜಲಾಶಯಗಳಿಗೆ ಆಹುತಿ. ಉಳಿದ 24 ಎಲ್ಲಿವೆಯೆಂದೇ ಪತ್ತೆಯಿಲ್ಲ.

ಜಲಾಶಯವೆಂದ ಕೂಡಲೇ ನಿಮಗೆ ಕೂಡಲಸಂಗಮ ನೆನಪಾಗಿರುತ್ತದೆ. ನಾರಾಯಣಪುರದ ಹಿನ್ನೀರು ಬಂದಾಗ ಐಕ್ಯಮಂಟಪದ ಸುತ್ತ ಬಾವಿಯಂಥ ಗೋಡೆ ಎದ್ದಿತು. ಇಂದು ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ. ಅದರ ಹಿಂದೆ ಲಕ್ಷಾಂತರ ಜನರ ಭಕ್ತಿಯಿತ್ತು. ಆಂಧ್ರದ ನಾಗಾರ್ಜುನಕೊಂಡದಲ್ಲಿ ಅಣೆಕಟ್ಟಿನ ನೀರು ಏರುವ ಮೊದಲು 1954ರಿಂದ ಸುಮಾರು ಆರು ವರ್ಷ ಉತ್ಖನನ ನಡೆಯಿತು. ಅದು ಆ ಹೊತ್ತಿನ ಸರಕಾರದ ಒಳ್ಳೆಯ ಮನಸ್ಸು. ಭಕ್ತರೂ ಇಲ್ಲದ, ಮನಸ್ಸು ಮಾಡುವವರೂ ಇಲ್ಲದ ಕಲ್ಲು ಮುಳುಗುತ್ತದೆ, ಅಷ್ಟೇ.

ಇಂಗ್ಲೆಂಡಿನಲ್ಲಿ ಬೇರೊಂದು ದಾರಿ ಹಿಡಿದರು. 1989ರಲ್ಲಿ ಲಂಡನ್ನಿನ ಕಚೇರಿ ಕಟ್ಟಡವೊಂದರ ಅಡಿಪಾಯ ಅಗೆಯುವಾಗ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಅವಶೇಷ ಸಿಕ್ಕಿ ದೊಡ್ಡ ಗದ್ದಲವಾಯಿತು. ಮರುವರ್ಷವೇ ಪಿಪಿಜಿ 16 ಎಂಬ ಯೋಜನಾ ನೀತಿ ಬಂತು. ಕಟ್ಟುವವನು ಪರವಾನಗಿಗೆ ಮೊದಲೇ ನೆಲದಡಿ ಏನಿದೆಯೆಂದು ಪರೀಕ್ಷೆ ಮಾಡಿಸಬೇಕು. ಉಳಿಸಲಾಗದಿದ್ದರೆ ತನ್ನ ಖರ್ಚಿನಲ್ಲಿ ಅಗೆಸಿ ದಾಖಲಿಸಬೇಕು. ಪುರಾತತ್ವ ಸಾವಿರಾರು ಜನರ ವೃತ್ತಿಯಾಯಿತು. ಹಾಗೆಂದು ಅದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಕಡಿಮೆ ದರ ಕೂಗಿದವರಿಗೆ ಕೆಲಸ, ಓದುವವರಿಲ್ಲದ ವರದಿಗಳ ರಾಶಿ. 2008ರಲ್ಲಿ ಕಟ್ಟಡದ ಕೆಲಸ ನಿಂತಾಗ ಅಗೆಯುವವರೂ ಮನೆಗೆ ಹೋದರು. ಆದರೂ ಕಲ್ಲಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೊಂದಿತ್ತು. ನಮ್ಮಲ್ಲಿ ಪುರಾತತ್ವ ಓದಿದ ಹುಡುಗ ಇಲಾಖೆ, ವಿಶ್ವವಿದ್ಯಾಲಯ ಬಿಟ್ಟರೆ ಬೇರೆ ಬಾಗಿಲು ಕಾಣದೆ ಬ್ಯಾಂಕಿನ ಪರೀಕ್ಷೆಗೆ ಕೂರುತ್ತಾನೆ.

ಸರಕಾರವನ್ನು ಕೇಳುವುದಿದೆ: ಪಟ್ಟಿಯಾಚೆಯ ನೆಲದಲ್ಲೂ ರಸ್ತೆ, ಬಡಾವಣೆ, ಕಾಲುವೆಗಳಿಗೆ ಮುನ್ನ ಪುರಾತತ್ವ ಸಮೀಕ್ಷೆ ಕಡ್ಡಾಯವಾಗಲಿ, ವೆಚ್ಚ ಯೋಜನೆಯ ಅಂದಾಜಿನಲ್ಲೇ ಸೇರಲಿ. ಆದರೆ ಮಠಗಳ ಜೀರ್ಣೋದ್ಧಾರಕ್ಕೆ ಯಾವ ಮಸೂದೆಗೂ ಕಾಯಬೇಕಿಲ್ಲ. ಭಕ್ತರು ಪ್ರೀತಿಯಿಂದ ಕೊಟ್ಟ ಹಣದಲ್ಲೇ ಶಾಸನದ ಮೇಲೆ ಎಣ್ಣೆಬಣ್ಣ ಏರುತ್ತದೆ, ಬರಹದ ಕಲ್ಲು ಮಗುಚಿ ನೆಲಹಾಸಾಗುತ್ತದೆ. ಹಳೆಯ ಗೋಡೆ ಕೆಡವುವ ಮೊದಲು ಪ್ರತಿ ಕಲ್ಲಿನ ಚಿತ್ರ ತೆಗೆಸಿ, ಅಕ್ಷರವಿದ್ದರೆ ಶಾಸನ ಓದಬಲ್ಲವರನ್ನು ಕರೆಸಿ ಪಡಿಯಚ್ಚು ಮಾಡಿಸಿ, ಒಂದು ಪ್ರತಿ ಮಠದಲ್ಲಿ, ಇನ್ನೊಂದು ಪುರಾತತ್ವ ಇಲಾಖೆಯಲ್ಲಿ ಇರಲಿ. ಗುತ್ತಿಗೆದಾರನಿಗೆ ಕೊಡುವ ಕರಾರುಪತ್ರದಲ್ಲಿ ಇದನ್ನು ಮೊದಲ ಷರತ್ತಾಗಿ ಬರೆಸಿ. ಮುಂಗಡ ಹಣ ಆಮೇಲೆ ಕೊಡಿ.