ಸಿಹಿನೀರೋ, ಉಪ್ಪುನೀರೋ?

ನಾನು ಜತ್ತ ತಾಲೂಕಿನ ಯಳವಿಯವನು. ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿ, ನೋಟು ಎಣಿಸುತ್ತ, ಲೆಡ್ಜರ್ ಬರೆಯುತ್ತ ನಿವೃತ್ತನಾದವನು. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯ್ದ ಸೀಮೆಯವ ಮೀನಿನ ಬಗ್ಗೆ ಏನು ಹೇಳಿಯಾನು ಎಂದು ನೀವು ನಗಬಹುದು. ಆದರೆ ಈ ವಿಷಯದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ನೀವೂ ಅದನ್ನೇ ಮಾಡಬಾರದೆಂದು ಈ ನಾಲ್ಕು ಮಾತು.

2023 ರ ದೀಪಾವಳಿ. ಭಾವುಬೀಜಕ್ಕೆಂದು ಮಗ, ಸೊಸೆ, ಮೊಮ್ಮಗನ ಜೊತೆ ಕಾರವಾರಕ್ಕೆ ಮಗಳ ಮನೆಗೆ ಹೋಗಿದ್ದೆ. ಬೆಳಗಾವಿ ದಾಟಿ, ಅಣಶಿ ಘಟ್ಟ ಇಳಿದು, ಕದ್ರಾ ಹಾದು ಹೋಗುವ ದಾರಿ. ಕದ್ರಾದಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದ್ದಾರೆ. ಅಷ್ಟು ನೀರನ್ನು ಒಂದೇ ಕಡೆ ಕಂಡ ಮೊಮ್ಮಗ ಕಿಟಕಿ ಬಿಡಲಿಲ್ಲ. "ಮುತ್ಯಾ, ಇಲ್ಲಿ ಗಾಳ ಹಾಕೂಣೇನು, ಸಮುದ್ರದಾಗ ಹಾಕೂಣೇನು?" ಎಂದು ಕೇಳಿದ. ಹತ್ತು ವರ್ಷದ ಹುಡುಗ.

ನನಗೆ ಸಿಹಿನೀರು ಎಂದರೆ ಒಳಗೊಂದು ಅಳುಕು. 1972 ರ ಬರಗಾಲದಲ್ಲಿ ನಾನು ಇವನಷ್ಟೇ ಇದ್ದೆ. ಕೆರೆ ಬತ್ತಿದಾಗ ಕೆಸರಲ್ಲಿ ಹೊರಳುವ ಮೀನನ್ನು ಬುಟ್ಟಿಯಲ್ಲಿ ಆಯ್ದು ತಂದಿದ್ದೆವು. ಬರಗಾಲದ ಕಾಮಗಾರಿಯಲ್ಲಿ ಆ ಕೆರೆಯ ಮಣ್ಣು ತೆಗೆದರು. ಮುಂದೆ ಮಳೆಯಾಗಿ ಕೆರೆ ತುಂಬಿತು. ಗಾಳದ ದಾರ ಬಿಡಿಸಲು ಮೊಣಕಾಲು ನೀರಿಗೆ ಇಳಿದ ನನ್ನ ವಾರಿಗೆಯ ಹುಡುಗ, ಆ ತಗ್ಗಿನಲ್ಲಿ ಹೋದವನು ಮೇಲೆ ಬರಲಿಲ್ಲ. ಕೆರೆಯ ನೀರು ತನ್ನ ತಗ್ಗನ್ನು ಮುಚ್ಚಿಟ್ಟುಕೊಳ್ಳುತ್ತದೆ. ಸಮುದ್ರವಾದರೆ ಎಲ್ಲವೂ ಕಣ್ಣೆದುರಿಗೆ ಇರುತ್ತದೆಂದು ನಾನು ತಿಳಿದಿದ್ದೆ. ಆದ್ದರಿಂದ "ಸಮುದ್ರನ ಛಲೋ" ಅಂದೆ.

ನಮ್ಮ ಬೀಗರು ಕಾರವಾರದವರೇ. ಮನೆಮಾತು ಕೊಂಕಣಿ; ನನ್ನೊಡನೆ ಕನ್ನಡ, ಮಾತು ಸಿಗದಲ್ಲಿ ಮರಾಠಿ. ಹಿಂದಿನ ಸಂಜೆ ಅವರು, "ಬೀಗರೇ, ಹೋಗೋ ಮುಂಚೆ ತಿಥಿ ನೋಡ್ಕೊಳ್ಳಿ. ತಿಥಿಯ ಮುಕ್ಕಾಲು ಪಾಲು ಮಾಡಿದ್ರೆ ಭರತದ ಹೊತ್ತು ಸಿಗ್ತದೆ" ಎಂದರು. ಇದು ಕೊಂಕಣ ತೀರದ ಹಳೆಯ ಲೆಕ್ಕ. ಮರುದಿನ ತದಿಗೆ. ಮೂರರ ಮುಕ್ಕಾಲು ಎಂದರೆ ಎರಡೂಕಾಲು. ಜೀವಮಾನವೆಲ್ಲ ಬಡ್ಡಿ ಲೆಕ್ಕ ಹಾಕಿದವನಿಗೆ ಇದೇನು ಕಷ್ಟ? ಸಮುದ್ರ ಮಧ್ಯಾಹ್ನ ಎರಡೂಕಾಲಿಗೆ ಬರುತ್ತದೆ, ಅಲ್ಲಿಯವರೆಗೆ ನಿಶ್ಚಿಂತೆ ಎಂದುಕೊಂಡೆ. ಅವರನ್ನು ಮತ್ತೊಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಹುಡುಗನನ್ನು ಕರೆದುಕೊಂಡು ಹೊರಟೆ.

ಇಳಿತದ ಹೊತ್ತು. ದಂಡೆಯಿಂದ ಒಂದು ಬಂಡೆಯವರೆಗೆ ಮರಳು ಒಣಗಿದಂತೆ ಬಿದ್ದಿತ್ತು. ನಡೆದು ಹೋಗಿ ಬಂಡೆಯ ಮೇಲೆ ಕುಳಿತೆವು. ನಮ್ಮೂರಿನ ರೂಢಿಯಂತೆ ಗೋಧಿ ಹಿಟ್ಟಿನ ಉಂಡೆ ಗಾಳಕ್ಕೆ ಚುಚ್ಚಿದೆ. ಅಲೆ ಬಡಿದು ಹಿಟ್ಟು ಕರಗಿ ಹೋಗುತ್ತಿತ್ತು. ಮತ್ತೆ ಚುಚ್ಚಿದೆ, ಮತ್ತೆ ಕರಗಿತು. ಈ ಗದ್ದಲದಲ್ಲಿ ಹಿಂದಕ್ಕೆ ತಿರುಗಿ ನೋಡಲಿಲ್ಲ. ಹನ್ನೊಂದರ ಸುಮಾರಿಗೆ ಹುಡುಗ, "ಮುತ್ಯಾ, ದಾರಿ ಎಲ್ಲಿ ಹೋತು?" ಎಂದ. ನಾವು ಬಂದ ಮರಳಿನ ಮೇಲೆ ನೀರು ಹರಿಯುತ್ತಿತ್ತು.

ನನ್ನ ಲೆಕ್ಕದ ತಪ್ಪು ಆಗ ತಿಳಿಯಿತು. ಎರಡೂಕಾಲು ಎಂಬುದು ನೀರು ಬರುವ ಹೊತ್ತಲ್ಲ, ತುಂಬಿ ನಿಲ್ಲುವ ಹೊತ್ತು. ಇಳಿತ ಮುಗಿದ ಗಳಿಗೆಯಿಂದಲೇ ನೀರು ಏರತೊಡಗಿ ಆರು ತಾಸು ಏರುತ್ತದೆ. ಮೊದಲ ತಾಸು ಗೊತ್ತೇ ಆಗುವುದಿಲ್ಲ. ನಡುವಿನ ಎರಡು ತಾಸಿನಲ್ಲಿ ಭರದಿಂದ ಏರುತ್ತದೆ. ಹುಡುಗನನ್ನು ಹೆಗಲಿಗೆ ಏರಿಸಿ ಇಳಿದೆ. ಸೊಂಟ ಮುಟ್ಟುವಷ್ಟು ನೀರು. ಬಂಡೆಗೆ ಅಂಟಿದ ಚಿಪ್ಪು ಕೊಯ್ದು ಕಾಲು ಜಾರಿತು. ಅಷ್ಟರಲ್ಲಿ ಬೀಗರು ಉದ್ದನೆಯ ಬಿದಿರು ಊರುತ್ತ ಎದುರು ಬಂದು ಹುಡುಗನನ್ನು ತೆಗೆದುಕೊಂಡರು. ದಂಡೆಗೆ ಬಂದ ಮೇಲೂ ಅವರು ನನಗೆ ಒಂದು ಮಾತು ಆಡಲಿಲ್ಲ. ರಾತ್ರಿ ಮಗ ಮಾತ್ರ, "ಅಪ್ಪಾ, ನೀವು ಅವರನ್ನ ಒಂದ ಮಾತ ಕೇಳಬೇಕಾಗಿತ್ರಿ" ಎಂದ. ಮಗಳು ಕಾಲಿಗೆ ಅರಿಶಿನ ಹಚ್ಚುತ್ತ ತಲೆ ಎತ್ತಲಿಲ್ಲ.

ಮರುದಿನ ಹುಡುಗ ನೀರಿನ ಹೆಸರು ಎತ್ತಿದರೆ ಅತ್ತೆಯ ಸೆರಗು ಹಿಡಿದ. ಬೀಗರು, "ಇವತ್ತೇ ಕರ್ಕೊಂಡು ಹೋಗ್ಬೇಕು. ಇಲ್ದಿದ್ರೆ ಈ ಹೆದರಿಕೆ ಅವನ ಜೊತೆಗೇ ಬೆಳೀತದೆ" ಎಂದರು. ಈ ಸಲ ನಾನು ಹಿಂದೆ, ಅವರು ಮುಂದೆ. ಕಾಳಿ ನದಿ ಸಮುದ್ರ ಸೇರುವಲ್ಲಿ, ನದಿಯ ದಂಡೆಗೆ ಕುಳಿತೆವು. ಅಂದು ಚೌತಿ, ಮೂರು ಗಂಟೆಗೆ ಭರತ. ನೀರು ಏರುವಾಗ ಅದರ ಜೊತೆ ಮೀನೂ ಮೇಲೆ ಬರುತ್ತದೆಂದು ಮಧ್ಯಾಹ್ನವೇ ಹೋಗಿದ್ದೆವು. ಗಾಳಕ್ಕೆ ಸಿಗಡಿಯ ತುಂಡು, ದಾರಕ್ಕೆ ಸೀಸದ ಗುಂಡು. ಬೀಗರು ಹುಡುಗನ ನಾಲಗೆಗೆ ಒಂದು ಹನಿ ನೀರು ಮುಟ್ಟಿಸಿ, "ಈಗ ಉಪ್ಪು. ಇಳಿತದಾಗೆ ಮೇಲಿನ ನೀರು ಬರ್ತದೆ, ಆಗ ಸಪ್ಪೆ ಆಗ್ತದೆ" ಎಂದರು. ಹುಡುಗ ಮೊದಲ ಸಲ ನಕ್ಕ. ಸ್ವಲ್ಪ ಹೊತ್ತಿಗೆ ಗೇಣುದ್ದದ ಕಾಣೆ ಮೀನು ಅವನ ಗಾಳಕ್ಕೆ ಬಿತ್ತು. ನಾವು ಮರಾಠಿಯಲ್ಲಿ ಮುಡದುಶಿ ಎನ್ನುತ್ತೇವಲ್ಲ, ಅದೇ.

ಮನೆಗೆ ಬರುವಾಗ ಬೀಗರು ಇನ್ನೊಂದು ಸಂಗತಿ ಹೇಳಿದರು. ಆಮೇಲೆ ನಾನು ಪುಸ್ತಕದಲ್ಲೂ ಓದಿದೆ. ಸಿಹಿನೀರಿನ ಮೀನಿನ ಮೈಯೊಳಗೆ ನೀರು ತಾನಾಗಿ ನುಗ್ಗುತ್ತದೆ. ಅದು ಕುಡಿಯುವುದು ಕಡಿಮೆ, ಹೊರಹಾಕುವುದೇ ಹೆಚ್ಚು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಲ್ಲಿನ ಮೀನಿನ ಮೈಯ ನೀರು ಹೊರಗೆ ಸೋರಿಹೋಗುವುದರಿಂದ ಅದು ಉಪ್ಪುನೀರನ್ನೇ ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಹಾಕಿ ಬದುಕುತ್ತದೆ. ಅಷ್ಟು ನೀರಿನ ನಡುವೆಯೂ ದಾಹ! ನಮ್ಮ ಜತ್ತ ತಾಲೂಕಿನವರಿಗೆ ಅದರ ಕಷ್ಟ ಬೇಗ ತಿಳಿಯುತ್ತದೆ. ನದೀಮುಖದ ಮೀನು ಎರಡು ನೀರಿಗೂ ಹೊಂದಿಕೊಂಡಿರುತ್ತದೆ, ಎರಡು ಭಾಷೆಯ ನಮ್ಮ ಹಾಗೆ.

ಈಗ ನಿಮಗೆ ನನ್ನ ಸಲಹೆ. ನಮ್ಮ ಕಡೆ ಸಂಖ, ದೊಡ್ಡನಾಲಾದಂಥ ಕೆರೆಗಳಿಗೆ ಹೋಗುವುದಾದರೆ, ಮೀನು ಬಿಟ್ಟು ಸಾಕುವವರಿದ್ದಾರೆಯೇ ಎಂದು ಮೊದಲು ಕೇಳಿ. ಇದ್ದರೆ ಅವರ ಒಪ್ಪಿಗೆ ಬೇಕು. ಅಲ್ಲಿ ಎರೆಹುಳು, ಹಿಟ್ಟು ಸಾಕು. ಕಟ್ಲಾ, ರೋಹು, ಚಿಲಾಪಿ ಸಿಕ್ಕಾವು. ನೀರಿಗೆ ಮಾತ್ರ ಇಳಿಯಬೇಡಿ. ಅಣೆಕಟ್ಟಿನ ಕೆಳಗೂ ಕೂಡಬೇಡಿ. ನೀರು ಯಾವಾಗ ಬಿಡುತ್ತಾರೋ ಹೇಳಲಾಗದು. ಕರಾವಳಿಗೆ ಹೋದರೆ ಮಳೆಗಾಲದಲ್ಲಿ ಸಮುದ್ರದ ಗೊಡವೆ ಬೇಡ. ಜೂನ್ 1 ರಿಂದ ಜುಲೈ 31 ರವರೆಗೆ ಯಂತ್ರದ ದೋಣಿಗಳಿಗೇ ಅಲ್ಲಿ ನಿಷೇಧವಿರುತ್ತದೆ. ಕೊಂಕಣದ ಕೋಳಿ ಜನ ಸಹ ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಅರ್ಪಿಸಿಯೇ ಕಡಲಿಗೆ ಇಳಿಯುತ್ತಾರೆ. ಗಾಳಕ್ಕೆ ಬಿದ್ದೊಡನೆ ಚೆಂಡಿನಂತೆ ಹೊಟ್ಟೆ ಉಬ್ಬಿಸುವ ಮೀನು ವಿಷದ್ದು, ತಿನ್ನಬಾರದು. ಉಪ್ಪುನೀರಿಗೆ ಹಾಕಿದ ಗಾಳವನ್ನು ಸಿಹಿನೀರಿನಲ್ಲಿ ತೊಳೆದಿಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಆ ನೀರನ್ನು ಬಲ್ಲವರು ನಿಮ್ಮ ಪಕ್ಕದಲ್ಲಿ ಇರಬೇಕು. ನಾವು ನೋಡಿದ್ದ ಕಾಳಿ ನದಿಯ ಹಳೆಯ ಸೇತುವೆ 2024 ರ ಆಗಸ್ಟ್ 7 ರ ನಡುರಾತ್ರಿ ಕುಸಿದು ಒಂದು ಲಾರಿ ನದಿಗೆ ಬಿತ್ತು. ಚಾಲಕನನ್ನು ಬದುಕಿಸಿ ತರುವಲ್ಲಿ ಪೊಲೀಸರ ಜೊತೆ ಅಲ್ಲಿನ ಮೀನುಗಾರರಿದ್ದರು. ಕತ್ತಲಲ್ಲೂ ಆ ನೀರಿನ ಗುರುತು ಅವರಿಗಿತ್ತು.

ಸಿಹಿನೀರೋ ಉಪ್ಪುನೀರೋ ಎಂದು ಮೊಮ್ಮಗ ಈಗಲೂ ರಜೆ ಬಂತೆಂದರೆ ಕೇಳುತ್ತಾನೆ. ನಾನು ಉತ್ತರ ಕೊಡುವುದಿಲ್ಲ. ಕಾರವಾರಕ್ಕೆ ಫೋನು ಹಚ್ಚಿ ಅವನ ಕೈಗೆ ಕೊಡುತ್ತೇನೆ.