ಬಂದವರ ಕಥೆ ಯಾವ ಊರಿನದು?



ಹಾಸನ ಜಿಲ್ಲೆಯ ಮೊಸಳೆಯಲ್ಲಿ ನಡೆಯುತ್ತಿರುವ ವಲಸೆ ಕುಟುಂಬಗಳ ಈ ಚಿತ್ರೋತ್ಸವ ಕೊರಿಯನ್ ಮಾತಿನ ‘ಮಿನಾರಿ’ಯಿಂದ ಏಕೆ ಶುರುವಾಗಬೇಕು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಅಮೆರಿಕಕ್ಕೆ ಹೋದವರ ಕಥೆ ನಮ್ಮಲ್ಲೇ ಇದೆ. ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ನಿರ್ದೇಶಕರ ಊರೂ ಪಕ್ಕದ ನಾಗಮಂಗಲ ತಾಲ್ಲೂಕಿನದು. ಒಳ್ಳೆಯ ಚಿತ್ರವೇ. ಆದರೆ ಅದು ಹೋದವನನ್ನೂ ಉಳಿದವನನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತದೆ, ತಕ್ಕಡಿ ಹಿಡಿದವರು ಊರಲ್ಲೇ ಉಳಿದ ನಾವು. ಹೋದವರು ಅಲ್ಲಿ ದಿನವಿಡೀ ಏನು ಮಾಡುತ್ತಾರೆ, ಸಾಲ ಹೇಗೆ ತೀರಿಸುತ್ತಾರೆ ಎಂಬುದನ್ನು ನಮ್ಮ ಸಿನಿಮಾ ಅಷ್ಟಾಗಿ ವಿಚಾರಿಸಿಲ್ಲ. ಲೀ ಐಸಾಕ್ ಚಂಗ್ ಅವರ 2020ರ ಸಣ್ಣ ಬಂಡವಾಳದ ಚಿತ್ರ ‘ಮಿನಾರಿ’ ಹೊರಡುವುದೇ ಅಲ್ಲಿಂದ. 1980ರ ದಶಕದ ಅರ್ಕಾನ್ಸಾ. ಗಂಡ ಹೆಂಡತಿ ಇಬ್ಬರಿಗೂ ಕೋಳಿಮರಿಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸುವ ಕೆಲಸ. ಗಂಡನಿಗೆ ಕೊರಿಯನ್ ತರಕಾರಿ ಬೆಳೆಯುವ ಹಟ. ತೋಡಿದ ಬಾವಿ ಬತ್ತುತ್ತದೆ, ಮಾಲು ಕೊಳ್ಳುತ್ತೇನೆಂದಿದ್ದ ವ್ಯಾಪಾರಿ ಕೊನೇ ಗಳಿಗೆಯಲ್ಲಿ ಕೈಯೆತ್ತುತ್ತಾನೆ. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ಭಾಗಕ್ಕೆ ಸಬ್‌ಟೈಟಲ್ ಬೇಕಾಗಲಾರದು.

ಇನ್ನು ಭಾಷೆ. ‘ಮಿನಾರಿ’ಯ ನಿರ್ದೇಶಕರು ಹುಟ್ಟಿದ್ದು ಅಮೆರಿಕದಲ್ಲಿ, ಹಣ ಹಾಕಿದವರು ಅಲ್ಲಿಯವರು, ಚಿತ್ರೀಕರಣ ನಡೆದದ್ದು ಓಕ್ಲಹೋಮಾದಲ್ಲಿ. ಆದರೂ ಅರ್ಧಕ್ಕಿಂತ ಹೆಚ್ಚು ಮಾತು ಇಂಗ್ಲಿಷಿನದಲ್ಲವೆಂದು 2021ರ ಗೋಲ್ಡನ್ ಗ್ಲೋಬ್ ಅದನ್ನು ವಿದೇಶಿ ಭಾಷೆಯ ಸಾಲಿಗೆ ಹಾಕಿತು. (ಪ್ರಶಸ್ತಿಯನ್ನೂ ಕೊಟ್ಟಿತೆನ್ನಿ.) ಆ ಅಳತೆಯನ್ನು ಇಲ್ಲಿಗೆ ತಂದರೆ, ನೂರಾರು ವರ್ಷಗಳ ಹಿಂದೆ ತಮಿಳು ಸೀಮೆಯಿಂದ ಬಂದು ಕೌಶಿಕದಂಥ ಊರುಗಳಲ್ಲಿ ನೆಲೆಸಿದ, ಮನೆಯಲ್ಲಿ ಇಂದಿಗೂ ಸಂಕೇತಿ ಮಾತಾಡುವ ಕುಟುಂಬಗಳ ಕಥೆಯೂ ಹಾಸನದ್ದಲ್ಲ ಎನ್ನಬೇಕಾಗುತ್ತದೆ. ಅಂಥ ಮಾತು ಇಲ್ಲಿ ಯಾರ ಬಾಯಲ್ಲೂ ಬರದು. ಬ್ಯಾರಿ ಭಾಷೆಯ ‘ಬ್ಯಾರಿ’ 2011ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಾಗಲೂ ಅದು ಕರಾವಳಿಯವರ ಕಥೆಯಾಗಿಯೇ ಉಳಿಯಿತು. ಭಾಷೆ ಯಾವುದೇ ಇರಲಿ, ಕುಟುಂಬದ ಬೆವರು ಬಿದ್ದ ನೆಲಕ್ಕೇ ಕಥೆ ಸೇರುತ್ತದೆ ಎಂಬುದು ನನ್ನ ವಾದ.

ಹಾಗಾದರೆ ಬಂದವರೆಲ್ಲ ತಮ್ಮ ತಮ್ಮ ಮಾತನ್ನೇ ಆಡಿಕೊಂಡಿದ್ದರೆ ಕನ್ನಡದ ಗತಿಯೇನು ಎಂಬ ಅಳುಕು ಸುಳ್ಳಲ್ಲ, ಬೆಂಗಳೂರನ್ನು ಕಂಡವರು ಅದನ್ನು ತಳ್ಳಿಹಾಕಲಾರರು. ಬಂದವರು ಊರಿನ ಭಾಷೆ ಕಲಿಯಲೇಬೇಕು. ಆದರೆ ಅದಕ್ಕಾಗಿ ಮನೆಮಾತು ಬಿಡಬೇಕಿಲ್ಲ; ಸಂಕೇತಿಗಳು ಎರಡನ್ನೂ ಉಳಿಸಿಕೊಂಡೇ ಬಂದಿದ್ದಾರೆ. ಕಾಸರಗೋಡಿನ ಕನ್ನಡಿಗರ ಪರವಾಗಿ ನಾವು ಕೇಳುತ್ತಿರುವುದೂ ಇಷ್ಟನ್ನೇ. ಸಕಲೇಶಪುರದ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ದುಡಿಯಲು ಬರುವವರ ಬದುಕನ್ನು ನಾಳೆ ಯಾರಾದರೂ ಅವರದೇ ಮಾತಿನಲ್ಲಿ ಸಿನಿಮಾ ಮಾಡಿದರೆ, ಅದನ್ನು ಹೊರಗಿನ ಚಿತ್ರಗಳ ಪಟ್ಟಿಗೆ ಸೇರಿಸದೆ ಹಾಸನದ ಚಿತ್ರವೆಂದೇ ತೋರಿಸಿ ಎಂದು ಸಂಘಟಕರನ್ನು ಕೇಳಿಕೊಂಡು, ಉತ್ಸವವನ್ನು ಉದ್ಘಾಟಿಸುತ್ತಿದ್ದೇನೆ.