ಐವಾನ್‌ಹೋ ಮತ್ತು ನಾನು ಆಡದ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿದ ಒಂದು ಪುಸ್ತಕದ ಬಗ್ಗೆ ಮಾತನಾಡಿ ಎಂದು ಸಮಿತಿಯವರು ಹೇಳಿದರು. ನನಗೆ ನೆನಪಾದದ್ದು ಸರ್ ವಾಲ್ಟರ್ ಸ್ಕಾಟ್ ಅವರ ‘ಐವಾನ್‌ಹೋ’. ಗ್ರಂಥಾಲಯದ ಬೀರುವಿನಲ್ಲಿ ಅದರ ಸಂಕ್ಷಿಪ್ತ ಪ್ರತಿಯೊಂದು ಇತ್ತು. ನಮ್ಮ ಇಂಗ್ಲಿಷ್ ಮೇಷ್ಟ್ರು ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು.

ಕಾದಂಬರಿ ಹೊರಬಂದದ್ದು 1819ರ ಕೊನೆಯಲ್ಲಿ. ಕಥೆ ನಡೆಯುವುದು 1194ರ ಸುಮಾರಿನ ಇಂಗ್ಲೆಂಡಿನಲ್ಲಿ. ಗೆದ್ದ ನಾರ್ಮನ್ನರಿಗೂ ಸೋತ ಸ್ಯಾಕ್ಸನ್ನರಿಗೂ ಆಗದು. ರಾಜ ರಿಚರ್ಡ್ ಸೆರೆಯಿಂದ ಬಿಡುಗಡೆಯಾಗಿ ಗುಟ್ಟಾಗಿ ನಾಡಿಗೆ ಮರಳಿದ್ದಾನೆ. ತಂದೆ ಮನೆಯಿಂದ ಹೊರಹಾಕಿದ ಐವಾನ್‌ಹೋ ಹೆಸರು ಮರೆಸಿಕೊಂಡು ಆ್ಯಶ್‌ಬಿಯ ಕಾಳಗದ ಪಂದ್ಯಕ್ಕೆ ಬಂದು, ಸವಾಲು ಹಾಕಿದ ಐವರು ನೈಟ್‌ಗಳನ್ನೂ ಸೋಲಿಸುತ್ತಾನೆ. ಅದನ್ನು ಕೇಳಿದ ವಾರವೆಲ್ಲ ನಾವು ಹುಡುಗರು ಜೋಳದ ದಂಟನ್ನೇ ಈಟಿ ಮಾಡಿಕೊಂಡು ಈ ಮೈದಾನದಲ್ಲಿ ಓಡಿದ್ದೇ ಓಡಿದ್ದು!

ಆ ಕಥೆಯಲ್ಲಿ ರೆಬೆಕ್ಕಾ ಎಂಬ ಯೆಹೂದಿ ಹುಡುಗಿ ಇದ್ದಾಳೆ. ಮದ್ದು ಬಲ್ಲವಳು. ಪಂದ್ಯದಲ್ಲಿ ಗಾಯಗೊಂಡ ಐವಾನ್‌ಹೋನನ್ನು ಆರೈಕೆ ಮಾಡಿದವಳು. ಅಂದಿನ ಇಂಗ್ಲೆಂಡಿನಲ್ಲಿ ಯೆಹೂದಿಗಳ ಪಾಡು ಹೇಳತೀರದು. 1190ರಲ್ಲಿ ಯಾರ್ಕ್ ನಗರದಲ್ಲಿ ಅವರ ಕಗ್ಗೊಲೆ ನಡೆದದ್ದು ಚರಿತ್ರೆ. ಟೆಂಪ್ಲರ್ ಪಂಥದ ನೈಟ್ ಒಬ್ಬ ರೆಬೆಕ್ಕಾಳನ್ನು ಹೊತ್ತೊಯ್ಯುತ್ತಾನೆ. ತಪ್ಪು ಅವನದು, ಮಾಟಗಾತಿ ಎಂಬ ಆಪಾದನೆ ಅವಳ ಮೇಲೆ! ರೋಗ ವಾಸಿ ಮಾಡಿದ್ದೇ ಅವಳ ವಿರುದ್ಧ ಸಾಕ್ಷಿ. ಅವಳ ಪರವಾಗಿ ಹೋರಾಡಿ ಗೆಲ್ಲುವ ವೀರ ಸಿಗದಿದ್ದರೆ ಸುಟ್ಟುಬಿಡಬೇಕೆಂದು ತೀರ್ಪಾಗುತ್ತದೆ.

ಕೊನೆ ಗಳಿಗೆಯಲ್ಲಿ ಐವಾನ್‌ಹೋ ಬರುತ್ತಾನೆ. ಗಾಯ ಮಾಗಿಲ್ಲ, ಕುದುರೆ ದಣಿದಿದೆ. ಮೊದಲ ಹೊಡೆತಕ್ಕೇ ಬೀಳುತ್ತಾನೆ. ಆದರೆ ಎದುರಾಳಿಯೂ ಬೀಳುತ್ತಾನೆ, ಮತ್ತೆ ಏಳುವುದಿಲ್ಲ. ಅವನನ್ನು ಕೊಂದದ್ದು ಈಟಿಯಲ್ಲ, ಅವನೊಳಗಿನ ತಳಮಳ.

ಮಕ್ಕಳೇ, ಅವಳು ಆಪತ್ತಿನಲ್ಲಿದ್ದಾಳೆಂಬ ಸುದ್ದಿ ಹೊರಗೆ ತಲುಪಿದ್ದಾದರೂ ಹೇಗೆ? ಕೆಲಸಕ್ಕೆ ಸೇರಿದ ಮೇಲೆ ಪೂರ್ತಿ ಪುಸ್ತಕ ಓದಿದಾಗಲೇ ನನಗೆ ತಿಳಿದದ್ದು. ಹಿಗ್ ಎಂಬ ಬಡ ರೈತನೊಬ್ಬ ಇದ್ದ. ಹಾಸಿಗೆ ಹಿಡಿದಿದ್ದ ಅವನನ್ನು ರೆಬೆಕ್ಕಾ ಊರುಗೋಲಿನಲ್ಲಿ ನಡೆಯುವಷ್ಟು ಗುಣಪಡಿಸಿದ್ದಳು. ಅವನಿಂದಲೇ ಅವಳ ವಿರುದ್ಧ ಸಾಕ್ಷಿ ಹೇಳಿಸುತ್ತಾರೆ. ತಂದೆಗೆ ಪತ್ರ ಮುಟ್ಟಿಸುವವರು ಯಾರಾದರೂ ಇದ್ದೀರಾ ಎಂದು ಅವಳು ಕೇಳಿದಾಗ ತುಂಬಿದ ಸಭೆ ಸುಮ್ಮನಿರುತ್ತದೆ. ಆಗ ಮುಂದೆ ಬಂದವನು ಹಿಗ್. ಸ್ಕಾಟ್ ಕೂಡ ಎಳವೆಯ ಕಾಯಿಲೆಯಿಂದ ಜೀವನವಿಡೀ ಕುಂಟುತ್ತ ನಡೆದವರು.

ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ ಒಬ್ಬರ ಫೀಸಿನ ಹಣ ಕಾಣೆಯಾಯಿತು. ಅನುಮಾನ ಕೊನೆಯ ಬೆಂಚಿನ ಬಡ ಹುಡುಗಿಯೊಬ್ಬಳ ಮೇಲೆ ಬಂತು. ಎಲ್ಲರ ಮುಂದೆ ಅವಳ ಚೀಲ ಸುರಿಸಿದರು. ಆ ಹೊತ್ತಿನಲ್ಲಿ ಅವಳು ಬೋರ್‌ವೆಲ್ ಬಳಿ ಕೊಡಪಾನ ತುಂಬಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಕೈಕಾಲು ಗಟ್ಟಿ ಇತ್ತು, ಬಾಯಿ ಇತ್ತು. ಆದರೂ ಏಳಲಿಲ್ಲ. ಮರುದಿನ ಹಣ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಅವಳು ಮಾತ್ರ ಮತ್ತೆ ಶಾಲೆಗೆ ಬರಲಿಲ್ಲ. ದಂಟಿನ ಈಟಿ ಹಿಡಿದು ಓಡಿದವನು ನಾನೇ!

ರೆಬೆಕ್ಕಾಳೂ ಬದುಕಿದರೂ ಆ ನಾಡಿನಲ್ಲಿ ಉಳಿಯಲಿಲ್ಲ. ತಂದೆಯೊಡನೆ ಸ್ಪೇನಿನ ಗ್ರನಡಾಕ್ಕೆ ಹೊರಟುಹೋದಳು. ತಡವಾಗಿ ಬಂದ ನ್ಯಾಯ ಎಲ್ಲವನ್ನೂ ಸರಿಪಡಿಸುವುದಿಲ್ಲ.

ಆ ಸಹೋದರಿ ಇಂದು ಈ ಸಭೆಯಲ್ಲಿದ್ದರೆ, ಅಥವಾ ಈ ಸಂಚಿಕೆ ಅವರ ಕೈಗೆ ಸೇರಿದರೆ, ನನ್ನನ್ನು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮಕ್ಕಳೇ, ನೀವೆಲ್ಲರೂ ಐವಾನ್‌ಹೋ ಆಗಬೇಕಿಲ್ಲ. ಹಿಗ್‌ನಂತೆ, ಕಂಡದ್ದನ್ನು ಹೇಳಲು ಒಮ್ಮೆ ಎದ್ದು ನಿಂತರೆ ಸಾಕು.